ಬಿಲದ ಜೇಡವನ್ನು ನೋಡುವ ಬಗೆ: ಆಸ್ಟ್ರೇಲಿಯಾದ ಟರಾಂಟುಲಾ ರಸಿಕರಿಗೊಂದು ಕೈಪಿಡಿ

ದಕ್ಷಿಣ ಅಮೆರಿಕದ ಬಣ್ಣಬಣ್ಣದ ಟರಾಂಟುಲಾಗಳ ಚಿತ್ರ ನೋಡಿ ಮರುಳಾದವರಿಗೆ ಆಸ್ಟ್ರೇಲಿಯಾದ ಜೇಡಗಳು ಮೊದಲ ನೋಟಕ್ಕೆ ಸಪ್ಪೆ. ಕಂದು, ಬೂದು, ಕಪ್ಪುಗಂದು, ಅಷ್ಟೇ. ಆದರೆ ವಿದೇಶಿ ಟರಾಂಟುಲಾಗಳನ್ನು ಸಾಕಲು ತರಿಸಿಕೊಳ್ಳಲು ಅಲ್ಲಿ ಅನುಮತಿಯಿಲ್ಲ. ಹಾಗಾಗಿ ಅಲ್ಲಿನ ಹವ್ಯಾಸಿಗಳು ತಮ್ಮ ನೆಲದ ಜೇಡಗಳನ್ನೇ ಕಣ್ಣಿಟ್ಟು ನೋಡಲು ಕಲಿತಿದ್ದಾರೆ. ಬ್ರಿಸ್ಬೇನಿನಲ್ಲೋ ಡಾರ್ವಿನ್ನಿನಲ್ಲೋ ನೆಲೆಸಿರುವ ಕನ್ನಡಿಗರಿಗೂ ಈ ನೋಟ ದಕ್ಕುವಂಥದ್ದೇ.

ಮೊದಲು ಕಾಲು ನೋಡಿ

ಬಣ್ಣವನ್ನು ನಂಬಬೇಡಿ. ಪೊರೆ ಕಳಚಿದ ಹೊಸದರಲ್ಲಿ ಗಾಢವಾಗಿದ್ದ ಜೇಡ, ಮುಂದಿನ ಪೊರೆಯ ಹೊತ್ತಿಗೆ ಮಾಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಕ್ವೀನ್ಸ್‌ಲ್ಯಾಂಡಿನ ಫ್ಲೋಗಿಯಸ್ ಕ್ರಾಸಿಪೆಸ್‌ಗೆ ಮುಂಗಾಲುಗಳು ಹಿಂಗಾಲುಗಳಿಗಿಂತ ದಪ್ಪ. ಸೆಲೆನೊಟೈಪಸ್ ಪ್ಲುಮಿಪೆಸ್‌ಗೆ ಹಿಂಗಾಲುಗಳೇ ದಪ್ಪ, ಅವುಗಳ ಮೇಲೆ ಗರಿಯಂತೆ ಉದ್ದುದ್ದ ರೋಮ. ಉತ್ತರ ಪ್ರಾಂತ್ಯದ ಸೆಲೆನೊಥೋಲಸ್ ಫೋಲ್ಶೈ, ಒಳನಾಡಿನ ಸೆಲೆನೊಕಾಸ್ಮಿಯಾ ಸ್ಟರ್ಲಿಂಗಿ ಇವೂ ಕಲಿಯುವವರು ತಿಳಿದಿರಬೇಕಾದ ಹೆಸರುಗಳು.

ಮಾರಕ ವಿಷದ ಫನಲ್‌ವೆಬ್ ಜೇಡದಿಂದ ಇವನ್ನು ಬೇರ್ಪಡಿಸಲು ತಿಳಿದಿರಲೇಬೇಕು. ಅದರ ತಲೆಯ ಭಾಗ ರೋಮವಿಲ್ಲದೆ ಕರ್ರಗೆ ಮಿರುಗುತ್ತದೆ. ಟರಾಂಟುಲಾಗೆ ಮೈಯೆಲ್ಲ ಮಖಮಲ್ಲು, ಕಾಲ ತುದಿಯಲ್ಲಿ ಒತ್ತಾದ ರೋಮದ ಮೆತ್ತೆ. ಅನುಮಾನವಿದ್ದರೆ ಮುಟ್ಟಲೇಬೇಡಿ.

ಕಳಚಿದ ಪೊರೆಯನ್ನು ಎಸೆಯಬೇಡಿ

ಪೊರೆ ಬಿಡುವಾಗ ಜೇಡ ಬೆನ್ನ ಮೇಲೆ ಮಲಗುತ್ತದೆ. ಸತ್ತಿತೆಂದು ಹೆದರಿ ಕೆದಕಿದರೆ ನಿಜಕ್ಕೂ ಸಾಯಬಹುದು. ಕೆಲಸ ಮುಗಿದ ಮೇಲೆ ಪೊರೆಯನ್ನು ಮೆಲ್ಲಗೆ ಎತ್ತಿ, ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ಮುಂದಿನ ಜೋಡಿ ಉಸಿರುಚೀಲಗಳ ನಡುವೆ ವೀರ್ಯ ಕೂಡಿಡುವ ಪುಟ್ಟ ಚೀಲಗಳು ಕಂಡರೆ ಅದು ಹೆಣ್ಣು. ಹೆಣ್ಣು ದಶಕಗಟ್ಟಲೆ ಬದುಕಬಲ್ಲದು, ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಉಳಿಯುವುದಿಲ್ಲ. ಬಾಯಿಯ ಬುಡದ ಒಳಮೈಯಲ್ಲಿ ಸಾಲಾಗಿ ನಿಂತ ಗಡುಸು ಕೂದಲೂ ಅದೇ ಪೊರೆಯಲ್ಲಿ ಸಿಗುತ್ತವೆ. ಕೆಣಕಿದಾಗ ಜೇಡ ಇವನ್ನೇ ಉಜ್ಜಿ ಬುಸುಗುಟ್ಟುತ್ತದೆ. ಫ್ಲೋಗಿಯಸ್‌ಗೆ ಶಿಳ್ಳೆ ಜೇಡವೆಂಬ ಹೆಸರು ಬಂದದ್ದು ಈ ಸದ್ದಿನಿಂದಲೇ.

ಬಿಲವೇ ಮನೆ

ಆಳವಾಗಿ ಬಿಲ ತೋಡಿ ಒಳಗೋಡೆಗೆ ರೇಷ್ಮೆ ಹಾಸುವ ಜೀವವಿದು. ಅಗಲವಾದ ಗಾಜಿನ ಪೆಟ್ಟಿಗೆಗಿಂತ ಕನಿಷ್ಠ 15ರಿಂದ 20 ಸೆಂಟಿಮೀಟರ್ ಮಣ್ಣು ತುಂಬಿದ ಪೆಟ್ಟಿಗೆ ಒಳ್ಳೆಯದು. ಕ್ವೀನ್ಸ್‌ಲ್ಯಾಂಡಿನ ತೇವದ ಕಾಡಿನ ಜೇಡಕ್ಕೆ ತಳದ ಮಣ್ಣು ಹಸಿಯಾಗಿರಲಿ, ಒಣ ಒಳನಾಡಿನದಕ್ಕೆ ಒಣಮಣ್ಣು. ನೀರಿನ ತಟ್ಟೆ ಎರಡಕ್ಕೂ ಬೇಕು. ಇದಕ್ಕೆಂದೇ ಸಾಕಿದ ಕ್ರಿಕೆಟ್ ಹುಳು, ಜಿರಲೆ ಆಹಾರ. ಪೊರೆ ಬಿಟ್ಟ ಮೇಲೆ ಕೋರೆಹಲ್ಲು ಮತ್ತೆ ಕಪ್ಪಾಗಿ ಗಟ್ಟಿಯಾಗುವವರೆಗೆ ಏನೂ ಹಾಕಬೇಡಿ.

ಕೈಯಲ್ಲಿ ಹಿಡಿದು ಆಡಿಸಬೇಡಿ. ಇವುಗಳಿಗೆ ಅಮೆರಿಕದ ಜೇಡಗಳಂತೆ ಉದುರಿಸುವ ತುರಿಕೆ ರೋಮವಿಲ್ಲ, ಕಚ್ಚುವುದೇ ಅಸ್ತ್ರ. ಮನುಷ್ಯರಿಗೆ ನೋವು, ಊತ, ವಾಕರಿಕೆಯಾದೀತು. ನಾಯಿಗೆ ಕಚ್ಚಿದರೆ ಸಾವೇ ಬರಬಹುದು. ಕೈ ಜಾರಿ ಕೆಳಕ್ಕೆ ಬಿದ್ದರೆ ಜೇಡದ ಹೊಟ್ಟೆ ಒಡೆಯುತ್ತದೆ, ಆಮೇಲೆ ಅದು ಬದುಕುವುದು ಕಷ್ಟ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ

ಕಾಡಿನ ಬಿಲ ಅಗೆದು ತಂದದ್ದನ್ನು ಬಿಟ್ಟು, ಸಾಕಿದ ತಾಯಿಯ ಮರಿಯನ್ನೇ ಆರಿಸಿ. ಆಯಾ ರಾಜ್ಯದ ನಿಯಮವನ್ನು ಮೊದಲೇ ತಿಳಿದುಕೊಳ್ಳಿ. ಪರವಾನಗಿ ಇಲ್ಲದೆ ಇವನ್ನು ದೇಶದಾಚೆ ಕಳಿಸುವುದು ಅಪರಾಧ.

ತಾಯಿ ಯಾವ ಊರಿನ ಕಡೆಯದು ಎಂದು ಕೇಳಿ ಬರೆದಿಡಿ. ಆಸ್ಟ್ರೇಲಿಯಾದ ಎಷ್ಟೋ ಟರಾಂಟುಲಾಗಳಿಗೆ ವಿಜ್ಞಾನ ಇನ್ನೂ ಹೆಸರಿಟ್ಟಿಲ್ಲ. ಮಾರುವವರು ಇಟ್ಟ ಹೆಸರು ನಾಳೆ ಬದಲಾದೀತು, ಊರು ಬದಲಾಗದು. ಎರಡು ಊರಿನ ಜೇಡಗಳನ್ನು ಒಂದೇ ಎಂದುಕೊಂಡು ಕೂಡಿಸಿದರೆ, ಮುಂದೆ ಅವು ಬೇರೆಬೇರೆ ಎಂದು ಗೊತ್ತಾದಾಗ ಮರಿಗಳ ಗುರುತು ಕೆಟ್ಟಿರುತ್ತದೆ. ಊರಿನ ಹೆಸರು, ಪೊರೆ ಬಿಟ್ಟ ದಿನಾಂಕ, ಒಣಗಿಸಿಟ್ಟ ಪೊರೆ: ಇಷ್ಟನ್ನು ಜೋಪಾನ ಮಾಡುವ ಹವ್ಯಾಸಿ ತನ್ನ ಜೇಡವನ್ನು ಬಲ್ಲವನಾಗುತ್ತಾನೆ, ನಾಳೆ ಅದಕ್ಕೆ ಹೆಸರಿಡುವವರಿಗೂ ನೆರವಾಗುತ್ತಾನೆ.