ದಫ್ತರದ ಕೋಣೆ

ತಾಲ್ಲೂಕು ಕಚೇರಿಯ ಅಭಿಲೇಖಾಲಯ ಹೊಲ-ಮನೆಗಳ ನೆನಪಿನ ಕಣಜ. ಮುಶಿಗೇರಿ ಎಂಬ ಹಳ್ಳಿಯನ್ನೇ ನೋಡಬಹುದು: 1956ರವರೆಗೆ ಮುಂಬಯಿ ಆಡಳಿತ, 1997ರವರೆಗೆ ಧಾರವಾಡ ಜಿಲ್ಲೆ, ಬಳಿಕ ಗದಗ, ತಾಲ್ಲೂಕು ಮೊದಲು ರೋಣ, ಈಗ ಗಜೇಂದ್ರಗಡ. ಆಡಳಿತದ ಗಡಿ ಎಷ್ಟೇ ಬದಲಾದರೂ ಸರ್ವೆ ನಂಬರಿನ ಬೆನ್ನು ಹತ್ತಿದರೆ ಹೊಲ ಸಿಗುತ್ತದೆ. ವಿಸ್ತೀರ್ಣ, ಆಕಾರ (ಭೂಕಂದಾಯ) ಹೇಳುವ ಆಕಾರಬಂದ ಮತ್ತು ಅಳತೆಯ ಟಿಪ್ಪಣಿ ಭೂಮಾಪನ ಶಾಖೆಯವು. ಈ ಸೀಮೆಯವರು ಉತಾರ ಎನ್ನುವ ಪಹಣಿಯಲ್ಲಿ ಒಡೆತನ, ಬೆಳೆ, ಸಾಲ ಮೂರೂ ಕಾಣುತ್ತವೆ. ಬಟ್ಟೆಯ ಗಂಟುಗಳಲ್ಲಿ ಊರು, ವರ್ಷದ ಪ್ರಕಾರ ಕಡತ ಜೋಡಿಸುವುದು ಸಣ್ಣ ಕಸುಬಲ್ಲ. ತಪ್ಪು ಗಂಟಿಗೆ ಬಿದ್ದ ಕಾಗದ ಕಳೆದುಹೋದಂತೆಯೇ. ಶಾಶ್ವತ ವರ್ಗದ ಕಡತಗಳು ಉಳಿಯುತ್ತವೆ, ಉಳಿದವನ್ನು ಅವಧಿ ತೀರಿದ ಮೇಲೆ ನಾಶಮಾಡುತ್ತಾರೆ. ಭೂ ಸುರಕ್ಷಾ ಯೋಜನೆಯಡಿ ಹಳೆಯ ಹಾಳೆಗಳು ಈಗ ಸ್ಕ್ಯಾನ್ ಆಗುತ್ತಿವೆ.