ಲ್ಯಾಬಿನಲ್ಲಿ ಬೆಳೆದ ಚರ್ಮ: ಗೆದ್ದದ್ದೆಷ್ಟು, ಉಳಿದದ್ದೆಷ್ಟು

2015ರಲ್ಲಿ ಜರ್ಮನಿಯ ಬೋಖುಮ್ ನಗರದ ಮಕ್ಕಳ ಆಸ್ಪತ್ರೆಗೆ ಸಿರಿಯಾ ಮೂಲದ ಏಳು ವರ್ಷದ ಹುಡುಗನೊಬ್ಬ ದಾಖಲಾದ. ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿನಂತೆ ಹಿಡಿದಿಡುವ ಪ್ರೋಟೀನು ಅವನಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಮೇಲೆ ಸೋಂಕು ಬೇರೆ. ನೋಡನೋಡುತ್ತ ಮೈಯ ಶೇ 80ರಷ್ಟು ಹೊರಚರ್ಮ ಕಳಚಿಹೋಯಿತು. ತಂದೆಯ ಚರ್ಮ ತಂದು ಕಸಿ ಮಾಡಿದರು, ದೇಹ ಅದನ್ನು ಒಪ್ಪಲಿಲ್ಲ.

ಆಗ ಇಟಲಿಯ ಮೊಡೆನಾದಿಂದ ಮಿಕೆಲೆ ದೆ ಲುಕಾ ಅವರ ತಂಡ ನೆರವಿಗೆ ಬಂತು. ಹುಡುಗನ ಮೈಯಲ್ಲಿ ಉಳಿದಿದ್ದ ಗಾಯವಿಲ್ಲದ ಜಾಗದಿಂದ ನಾಲ್ಕು ಚದರ ಸೆಂಟಿಮೀಟರ್ ಚರ್ಮ ತೆಗೆದು, ಅದರ ಕೋಶಗಳಿಗೆ ವೈರಸ್ ಮೂಲಕ ಸರಿಯಾದ ಜೀನ್ ಸೇರಿಸಿ, ಹಾಳೆಗಳಾಗಿ ಬೆಳೆಸಿದರು. ಶಸ್ತ್ರವೈದ್ಯರು ಅವನ್ನು ಹಂತಹಂತವಾಗಿ ಮೈಗೆ ಹೊದಿಸಿದರು. 2016ರ ಫೆಬ್ರವರಿಯಲ್ಲಿ ಹುಡುಗ ಮನೆಗೆ ಹೋದ, ಮುಂದೆ ಶಾಲೆಗೂ ಹೋದ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವರದಿಯ ನಿಜವಾದ ತೂಕ ಇನ್ನೊಂದು ಕಡೆ ಇದೆ. ಸೇರಿಸಿದ ಜೀನ್ ಯಾವ ಕೋಶದಲ್ಲಿ ಎಲ್ಲಿ ಕೂತಿದೆ ಎಂದು ಗುರುತು ಹಿಡಿದು ನೋಡಿದಾಗ, ನಾಟಿದ ಕೋಶಗಳಲ್ಲಿ ಹೆಚ್ಚಿನವು ತಿಂಗಳುಗಳಲ್ಲೇ ಉದುರಿಹೋಗಿದ್ದವು. ಹೊಸ ಚರ್ಮವನ್ನು ಉಳಿಸಿಕೊಂಡು ಬಂದದ್ದು ದೀರ್ಘಾಯುಷ್ಯದ ಕೆಲವೇ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಹಾಳೆ ಎಷ್ಟು ಅಗಲ ಎಂಬುದಕ್ಕಿಂತ ಅದರಲ್ಲಿ ಇಂಥ ಕೋಶಗಳೆಷ್ಟಿವೆ ಎಂಬುದೇ ಈ ಚಿಕಿತ್ಸೆಯ ಅಳತೆಗೋಲು.

ಈ ಯಶಸ್ಸನ್ನು ಸುಟ್ಟ ಗಾಯಗಳಿಗೂ ಹಾಗೆಯೇ ಅನ್ವಯಿಸುವ ಬರಹಗಳು ಬಹಳ. ಅಲ್ಲೇ ತಪ್ಪುವುದು. ಆ ಹುಡುಗನ ಒಳಚರ್ಮ ಜೀವಂತವಾಗಿತ್ತು, ಹೊಸ ಹೊರಚರ್ಮ ಬೇರೂರಲು ನೆಲೆಯಿತ್ತು. ಆಳವಾಗಿ ಸುಟ್ಟವರಲ್ಲಿ ಆ ನೆಲೆಯೇ ಸುಟ್ಟುಹೋಗಿರುತ್ತದೆ.

ಸುಟ್ಟ ಗಾಯಗಳಲ್ಲಿ ಈ ವಿದ್ಯೆಗೆ ಹಳೆಯ ಚರಿತ್ರೆಯೇ ಇದೆ. 1975ರಲ್ಲಿ ಅಮೆರಿಕದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯರ ಹೊರಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ದಾರಿ ಕಂಡುಕೊಂಡರು. 1983ರಲ್ಲಿ ಮೈಯ ಶೇ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಬೋಸ್ಟನ್ನಿನಲ್ಲಿ ಇದರಿಂದಲೇ ಬದುಕಿದರು. ಅದೊಂದೇ ಸಾಕು, ಈ ವಿದ್ಯೆಗೆ ಕೈಮುಗಿಯಬೇಕು.

ಆದರೆ ಮಿತಿಗಳೂ ಅಂದಿನಿಂದ ಬೆನ್ನು ಬಿಟ್ಟಿಲ್ಲ. ಬೆಳೆಯುವುದು ಹೊರಚರ್ಮ ಮಾತ್ರ. ಬೆವರಿನ ಗ್ರಂಥಿಯಿಲ್ಲ, ಕೂದಲಿಲ್ಲ. ತೆಳು ಪದರ ಸೋಂಕಿಗೆ ಬೇಗ ಕರಗುತ್ತದೆ, ಉಜ್ಜಿದರೆ ಬೊಬ್ಬೆ ಏಳುತ್ತದೆ, ಗಾಯ ಮಾಗುವಾಗ ಮುದುಡಿಕೊಳ್ಳುತ್ತದೆ. 2007ರಲ್ಲಿ ಅಮೆರಿಕ ‘ಎಪಿಸೆಲ್’ ಎಂಬ ಇಂಥ ಹಾಳೆಗಳಿಗೆ ಕೊಟ್ಟ ಅನುಮತಿ ಕೂಡ, ವಿರಳ ಸಂದರ್ಭಗಳಲ್ಲಿ ಪ್ರಯೋಜನ ಆಗುವ ಸಂಭವವಿದೆ ಎಂಬ ಮಾನವೀಯ ವಿನಾಯಿತಿ. ಪರಿಣಾಮ ಪೂರ್ತಿ ಸಾಬೀತಾಗಿದೆ ಎಂಬ ಮುದ್ರೆ ಅಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಸಮಯದ್ದು. ಹಾಳೆ ಸಿದ್ಧವಾಗಲು ಎರಡು ಮೂರು ವಾರ ಬೇಕು, ತೆರೆದ ಗಾಯ ಅಷ್ಟು ದಿನ ಕಾಯುವುದಿಲ್ಲ. ಈ ನಡುವಿನ ದಿನಗಳಲ್ಲಿ ಜೀವ ಉಳಿಸುವುದು ಸತ್ತವರು ದಾನ ಕೊಟ್ಟ ಚರ್ಮ. 1986ರಲ್ಲಿ ಶಸ್ತ್ರವೈದ್ಯ ಚಾರ್ಲ್ಸ್ ಕುವೊನೊ ತೋರಿಸಿದ್ದೂ ಇದನ್ನೇ: ದಾನದ ಚರ್ಮವನ್ನು ಮೊದಲು ಹೊದಿಸಿ, ಅದರ ಒಳಪದರವನ್ನು ಹಾಗೇ ಬಿಟ್ಟು, ಮೇಲೆ ರೋಗಿಯದೇ ಬೆಳೆಸಿದ ಹಾಳೆ ಕೂರಿಸಿದರೆ ಕಸಿ ಚೆನ್ನಾಗಿ ಹಿಡಿಯುತ್ತದೆ. ಅಂದರೆ ಅತ್ಯಾಧುನಿಕ ಲ್ಯಾಬ್ ಕೂಡ ದಾನಿಯ ಚರ್ಮದ ಮೇಲೆಯೇ ನಿಂತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟ ಗಾಯಕ್ಕೆ ಗುರಿಯಾಗುತ್ತಾರೆ. ಅವರಲ್ಲಿ ಬಹುಪಾಲು ಮಂದಿಗೆ ಆಕರಕೋಶದ ಹಾಳೆ ಕೈಗೆಟುಕುವ ಮಾತಲ್ಲ. ಹಾಗಾಗಿ ಇಲ್ಲಿ ಹಣ, ಗಮನ ಎರಡೂ ಮೊದಲು ದಾನದ ಚರ್ಮ ಕಾಪಿಡುವ ಚರ್ಮನಿಧಿಗಳಿಗೆ ಹೋಗಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಅಂಥದೊಂದು ನಿಧಿ ಕೆಲಸ ಮಾಡುತ್ತಿದೆ. ದಾನಕ್ಕೆ ರಕ್ತದ ಗುಂಪು ಹೊಂದಬೇಕಿಲ್ಲ. ತೊಡೆ, ಕಾಲು, ಬೆನ್ನಿನಿಂದ ತೆಳು ಪದರವನ್ನಷ್ಟೇ ತೆಗೆಯುತ್ತಾರೆ, ಮುಖ ಮುಟ್ಟುವುದಿಲ್ಲ. ಸಾವಿನ ನಂತರ ಆರು ಗಂಟೆಯೊಳಗೆ ಕರೆ ಹೋಗಬೇಕು. ಆದ್ದರಿಂದ ಕೊಡುವ ಮನಸ್ಸಿರುವವರು ಮನೆಯವರಿಗೆ ಇಂದೇ ಹೇಳಿಡಲಿ.