ವೇಷವೂ ವ್ಯಕ್ತಿಯೂ

ಹಗಲುವೇಷದವರು ಆವರಗೆರೆಯಂತಹ ಊರಿಗೆ ಬಂದಾಗ, ಹನುಮಂತನ ಬಣ್ಣದೊಳಗಿರುವವನು ಮನುಷ್ಯನೆಂದು ಬಲ್ಲ ಗೃಹಿಣಿಯೂ ಮೊದಲು ಕೈಮುಗಿದು, ಬಳಿಕ ಮೊರದಲ್ಲಿ ಜೋಳವನ್ನು ನೀಡುವಳು. ವೇಷಕ್ಕೆ ವಂದನೆ, ವೇಷಧಾರಿಗೆ ಧಾನ್ಯ; ಎರಡರಲ್ಲಿ ಒಂದನ್ನೂ ಆಕೆ ಮರೆಯಳು.

ಈ ದೃಷ್ಟಿಯೇ ‘ಕಾಪ್ ಶಿವ’ರೆಂದು ಹೆಸರಾದ ಶಿವರಾಜು ಅವರ ಛಾಯಾಚಿತ್ರಗಳ ಜೀವಾಳ. ರಾಮನಗರ ಸಮೀಪದ ಬನ್ನಿಕುಪ್ಪೆಯವರಾದ ಇವರು ಬೆಂಗಳೂರಿನ ಪೋಲೀಸು ಉದ್ಯೋಗದಲ್ಲಿದ್ದುಕೊಂಡೇ ಈ ಕಲೆಯನ್ನು ಕೈವಶಮಾಡಿಕೊಂಡರು. ಇವರ ‘ಬೀಯಿಂಗ್ ಗಾಂಧಿ’ ಮಾಲೆಯ ನಾಯಕರು ಒಬ್ಬ ಹಳ್ಳಿಯ ಉಪಾಧ್ಯಾಯರು. ಮೈಗೆಲ್ಲ ಬೆಳ್ಳಿಬಣ್ಣ ಬಳಿದು ಮಹಾತ್ಮರ ಪ್ರತಿಮೆಯಂತೆ ಜನರ ನಡುವೆ ನಿಲ್ಲುವುದು ಅವರ ವ್ರತ. ಎಂ. ಜಿ. ರಾಮಚಂದ್ರನ್ನರ ವೇಷ ತಾಳುವ ಅಭಿಮಾನಿಯೊಬ್ಬರದು ಇನ್ನೊಂದು ಮಾಲೆ.

1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಪ್ರಕಟವಾದುವು. ಅಲ್ಲಿ ನಮ್ಮ ಜನರು ಜಾತಿ ಪಂಗಡಗಳ ಮಾದರಿಗಳಾಗಿ ಕುಳಿತಿರುವರೇ ಹೊರತು ತಮ್ಮ ಇಚ್ಛೆಯಿಂದಲ್ಲ. ಶಿವರಾಜು ಅವರಲ್ಲಿಯಾದರೋ ತಾನು ಹೇಗೆ ಕಾಣಬೇಕೆಂಬುದನ್ನು ವೇಷಧಾರಿಯೇ ನಿರ್ಣಯಿಸುವನು. ಚಿತ್ರಗ್ರಾಹಕನು ಆ ಸಂಕಲ್ಪಕ್ಕೆ ಸಹಾಯಕನು.

ದೋಷವಿಲ್ಲದಿಲ್ಲ. ಆಹಾರ್ಯವು ಪ್ರಬಲವಾದೆಡೆ ಸಾತ್ತ್ವಿಕವು ಮರೆಯಾಗುವುದುಂಟು. ಬೆಳ್ಳಿಬಣ್ಣವು ಕಣ್ಸೆಳೆದು ಮುಖದ ಭಾವವನ್ನು ಹಿಂದಿಕ್ಕುವುದು. ಪಟ್ಟಣದ ಪ್ರದರ್ಶನದಲ್ಲಿ ಇದನ್ನು ಬರಿಯ ವಿನೋದವೆಂದು ನಕ್ಕು ಹೋಗುವವರೂ ಇರಬಹುದು. ಆದರೆ ಊರ ಜನರ ಮಗ್ಗುಲಲ್ಲಿ ಆ ಉಪಾಧ್ಯಾಯರು ನಿಂತಾಗ, ಅವರ ದಣಿವೂ ಶ್ರದ್ಧೆಯೂ ಬಣ್ಣವನ್ನು ಮೀರಿ ಕಾಣುತ್ತವೆ. ಮೊರದಲ್ಲಿ ಜೋಳ ತಂದ ಗೃಹಿಣಿಯಂತೆ ಈ ಪಟಗಳನ್ನು ನೋಡುವವರಿಗೆ ಅವು ತಮ್ಮ ಅರ್ಥವನ್ನು ತಾವೇ ಹೇಳುವುವು.